ಮಾಕ್ ಸರ್ವರ್ ತನ್ನ ಜೊತೆ ತಾನೇ ಮಾತಾಡುತ್ತಿತ್ತು

ನಮ್ಮ ತಂಡದ ಕೈಯಲ್ಲಿ ಹನ್ನೊಂದು ಸರ್ವೀಸ್‌ಗಳಿವೆ. ಎಲ್ಲಕ್ಕೂ ಪ್ಯಾಕ್ಟ್ ಅನ್ನುವ ಟೂಲ್‌ನಲ್ಲಿ ಕಾಂಟ್ರಾಕ್ಟ್ ಟೆಸ್ಟ್, ಅಂದರೆ ಒಂದು ಸರ್ವೀಸ್ ಕೇಳುವುದಕ್ಕೂ ಇನ್ನೊಂದು ಕೊಡುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವ ಟೆಸ್ಟ್, ಬರೆಯೋಣ ಅಂತ ತೀರ್ಮಾನವಾಯಿತು. ಒಂದೇ ಸೆಟಪ್ ಅನ್ನು ಹನ್ನೊಂದು ಸಲ ಬರೆಯಲು ನನಗೆ ಬೇಜಾರು. ಓಪನ್‌ಎಪಿಐ ಫೈಲ್ (ಸರ್ವೀಸ್‌ಗೆ ಏನು ಕೇಳಬಹುದು, ಏನು ಉತ್ತರ ಬರುತ್ತದೆ ಎಂಬ ವಿವರಣೆ) ಕೊಟ್ಟರೆ ಆರಂಭದ ಟೆಸ್ಟ್ ಕೋಡ್ ಉದುರಿಸುವ ಸ್ಕ್ರಿಪ್ಟ್ ಒಂದನ್ನು ಬರೆದುಬಿಟ್ಟೆ. ಎರಡೇ ದಿನದಲ್ಲಿ ಟೆಸ್ಟ್ ಓಡಿಸುವ ಪೈಪ್‌ಲೈನ್‌ಗಳೆಲ್ಲ ಹಸಿರು. ಒಂದಿಷ್ಟು ಬೀಗಿದ್ದೂ ನಿಜ.

ಮೂರನೇ ವಾರ ಸ್ಟೇಜಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ನೋಡುವ ಸೆಟಪ್) ವರದಿಯ ಪುಟ ತೆರೆದರೆ, ಒಂದು ತಿಂಗಳ ಆರ್ಡರ್‌ಗಳ ಬದಲು ಇದ್ದಬದ್ದವೆಲ್ಲ ಬಂದು ಕೂತಿದ್ದವು. ಕಾರಣ ಕ್ಷುಲ್ಲಕ: ದಿನಾಂಕದ ಪ್ಯಾರಾಮೀಟರ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಇರಬೇಕಿತ್ತು, ನಮ್ಮ ಕ್ಲೈಂಟ್ (ಇನ್ನೊಂದು ಸರ್ವೀಸನ್ನು ಕರೆಯುವ ನಮ್ಮ ಕೋಡ್) ಅದಿಲ್ಲದೆ ಕಳಿಸುತ್ತಿತ್ತು. ಗುರುತು ಸಿಗದ ಪ್ಯಾರಾಮೀಟರನ್ನು ಆ ಕಡೆಯ ಸರ್ವೀಸ್ ತೆಪ್ಪಗೆ ಬದಿಗಿಟ್ಟು ಪೂರ್ತಿ ಪಟ್ಟಿ ಕೊಟ್ಟಿತ್ತು. ಕಾಂಟ್ರಾಕ್ಟ್ ಟೆಸ್ಟ್ ಇರುವುದೇ ಇಂಥದ್ದನ್ನು ಹಿಡಿಯಲಿಕ್ಕೆ! ಅಷ್ಟಾದರೂ ಬಿಡುಗಡೆ ಮಾಡಬಹುದೇ ಎಂದು ಹೇಳುವ ಪ್ಯಾಕ್ಟ್‌ನ ಕ್ಯಾನ್-ಐ-ಡಿಪ್ಲಾಯ್ ಕಮಾಂಡ್ ಕೇಳಿದಾಗ ಧಾರಾಳವಾಗಿ ಹೂಂ ಅಂದಿತ್ತು.

ಪ್ಯಾಕ್ಟ್‌ನಲ್ಲಿ ಕೇಳುವ ಕಡೆಯ ಟೆಸ್ಟ್ ಒಂದು ಮಾಕ್ ಸರ್ವರ್, ಅಂದರೆ ಅಸಲಿ ಸರ್ವೀಸ್‌ನಂತೆ ನಟಿಸುವ ಸರ್ವರ್, ಎಬ್ಬಿಸುತ್ತದೆ. ನಮ್ಮ ನಿಜವಾದ ಕ್ಲೈಂಟ್ ಕೋಡ್ ಅದಕ್ಕೆ ಕರೆ ಮಾಡಬೇಕು. ಬರೆದಿಟ್ಟ ನಿರೀಕ್ಷೆಗೆ ಆ ಕರೆ ಹೊಂದದಿದ್ದರೆ ಟೆಸ್ಟ್ ಅಲ್ಲೇ ಬೀಳುತ್ತದೆ. ಹೊಂದಿದರೆ ಆ ನಿರೀಕ್ಷೆ ಜೇಸನ್ ಫೈಲ್ ಆಗಿ ಉಳಿದು, ಆಮೇಲೆ ಕೊಡುವ ಸರ್ವೀಸ್‌ನ ಮೇಲೆ ಮರುಚಲಾವಣೆಯಾಗುತ್ತದೆ. ನನ್ನ ಸ್ಕ್ರಿಪ್ಟ್‌ಗೆ ನಮ್ಮ ಕ್ಲೈಂಟ್ ಯಾವುದೆಂದೇ ಗೊತ್ತಿರಲಿಲ್ಲ. ಓಪನ್‌ಎಪಿಐ ನೋಡಿ ನಿರೀಕ್ಷೆ ಬರೆಯಿತು, ಅದನ್ನೇ ನೋಡಿ ಎಚ್‌ಟಿಟಿಪಿ ಕರೆಯನ್ನೂ ಬರೆಯಿತು. ಪ್ರಶ್ನೆಪತ್ರಿಕೆ ಬರೆದವನೇ ಉತ್ತರವನ್ನೂ ಬರೆದ ಹಾಗೆ. ನಮ್ಮ ಕ್ಲೈಂಟ್‌ನ ಒಂದು ಸಾಲೂ ಆ ಟೆಸ್ಟ್‌ನಲ್ಲಿ ಓಡಿರಲಿಲ್ಲ.

ಹುಡುಕುತ್ತಾ ಹೋದಂತೆ ಇನ್ನೊಂದು ಎಡವಟ್ಟೂ ಕಂಡಿತು. ಉತ್ತರದಲ್ಲಿ 42 ಫೀಲ್ಡ್‌ಗಳು, ನಾವು ಓದುವುದು ನಾಲ್ಕು. ಸ್ಕ್ರಿಪ್ಟ್ 42ಕ್ಕೂ ಮ್ಯಾಚರ್ (ಉತ್ತರದಲ್ಲಿ ಆ ಫೀಲ್ಡ್ ಇರಲೇಬೇಕೆಂಬ ನಿಯಮ) ಹಾಕಿತ್ತು. ಯಾರಿಗೂ ಬೇಡದ ಫೀಲ್ಡ್ ಒಂದನ್ನು ತೆಗೆಯಲು ಹೊರಟ ಪಕ್ಕದ ತಂಡದ ಬಿಲ್ಡ್ ನಮ್ಮಿಂದಾಗಿ ಕೆಂಪಾಗಿ ನಿಂತಿತ್ತು, ಪಾಪ. ನಮಗೇನು ಬೇಕು ಅನ್ನುವುದು ಓಪನ್‌ಎಪಿಐ ಸ್ಕೀಮಾದಲ್ಲಿ ಇರುವುದಿಲ್ಲ, ಅದು ನಮ್ಮ ಕೋಡ್‌ನಲ್ಲಿ ಮಾತ್ರ ಇರುತ್ತದೆ.

ಸ್ಕ್ರಿಪ್ಟ್ ಅನ್ನು ಎಸೆಯಲಿಲ್ಲ, ಅದರ ಕೈಕಟ್ಟಿದೆ. ಈಗ ಅದು ಎರಡು ಕಡೆಯ ಹೆಸರು, ಮಾಕ್ ಸರ್ವರ್‌ನ ಸೆಟಪ್, ಕಾಂಟ್ರಾಕ್ಟ್ ಫೈಲ್‌ಗಳನ್ನು ಕೂಡಿಡುವ ಬ್ರೋಕರ್‌ಗೆ ಕಳಿಸುವ ಹಂತ ಇಷ್ಟನ್ನು ಮಾತ್ರ ಬರೆಯುತ್ತದೆ. ನಿರೀಕ್ಷೆ ಮತ್ತು ಕ್ಲೈಂಟ್ ಕರೆಯ ಜಾಗ ಖಾಲಿ. ಪ್ರೊವೈಡರ್ ಸ್ಟೇಟ್‌ನ ಫಂಕ್ಷನ್‌ಗಳು (ಮರುಚಲಾವಣೆಗೆ ಮುಂಚೆ ಕೊಡುವ ಸರ್ವೀಸ್‌ನಲ್ಲಿ ಬೇಕಾದ ಡೇಟಾ ಸಿದ್ಧಮಾಡುವಂಥವು) ಮೊದಲು ಖಾಲಿಯಾಗಿದ್ದು ಸದ್ದಿಲ್ಲದೆ ಪಾಸಾಗುತ್ತಿದ್ದವು. ಈಗ ತುಂಬುವವರೆಗೂ ಎರರ್ ಎಸೆಯುತ್ತವೆ. ತಂಡಕ್ಕೆ ಹೊಸದಾಗಿ ಬಂದ ಹುಡುಗಿ, "ನಿಮ್ಮ ಟೆಂಪ್ಲೇಟ್ ಮೊದಲ ಸಲವೇ ಫೇಲ್ ಆಗುತ್ತಲ್ಲಾ ಸರ್" ಅಂದಳು. ಹೌದಮ್ಮಾ, ಬೇಕಂತಲೇ.

ಹನ್ನೊಂದರಲ್ಲಿ ಏಳನ್ನು ಹೀಗೆ ತಿದ್ದಿಯಾಯಿತು. ಉಳಿದ ನಾಲ್ಕರ ಟೆಸ್ಟ್‌ಗಳನ್ನು ಸದ್ಯಕ್ಕೆ ಪೈಪ್‌ಲೈನ್‌ನಿಂದಲೇ ತೆಗೆದಿಟ್ಟಿದ್ದೇನೆ.