ಮುದ್ದೆ ತೊಳಸಲು ಎಷ್ಟು ಅಂಕ?

ಬೆಳಗ್ಗೆ ಆರಕ್ಕೆ ನಾನು ಏಳುತ್ತೇನೆ. ನನ್ನ ಬೆರಳುಗಳು ಏಳುವುದು ಎಂಟಕ್ಕೆ. ರುಮಟಾಯ್ಡ್ ಆರ್ಥ್ರೈಟಿಸ್. ಪಾವಗಡದ ಅಮ್ಮನಿಗೆ ಫೋನಲ್ಲಿ ಹೇಳಿದಾಗ, "ಅಲ್ಲೂ ನೀರಲ್ಲಿ ಫ್ಲೋರೈಡ್ ಇದೆಯೇನೇ?" ಎಂದು ಕೇಳಿದಳು. ನಮ್ಮ ಕಡೆ ಕೀಲು ನೋವು ಅಂದರೆ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರೇ ಅಲ್ವಾ? ಇದು ಬೇರೆ, ಮೈ ತನ್ನ ಕೀಲುಗಳ ಮೇಲೆ ತಾನೇ ಜಗಳಕ್ಕೆ ಬೀಳುವ ಕಾಯಿಲೆ ಎಂದು ತಿಳಿಸಲು ಅರ್ಧ ಗಂಟೆ ಹಿಡಿಯಿತು.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ದೀರ್ಘ ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಅಂತ ಸರ್ಕಾರದ ನೆರವಿದೆ. ಎಲ್ಲರ ಬಾಯಲ್ಲೂ ಪಿಪ್. ವೀಸಾ ಮೇಲಿರುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕಾಯಂ ವಾಸದ ಅನುಮತಿ ಬಂದ ಮೇಲೆ ಅರ್ಜಿ ಹಾಕಿದೆ. ಕೆಲಸಕ್ಕೆ ಹೋಗುತ್ತಿದ್ದರೂ ಕೊಡುತ್ತಾರೆ, ಸಂಬಳ ಕೇಳುವುದಿಲ್ಲ. ತೊಂದರೆ ಶುರುವಾಗಿ ಮೂರು ತಿಂಗಳಾಗಿರಬೇಕು, ಇನ್ನೂ ಒಂಬತ್ತು ತಿಂಗಳು ಇರುವಂಥದ್ದಾಗಿರಬೇಕು.

ಊರಲ್ಲಾದರೆ ಡಾಕ್ಟರು ಅಂಗವೈಕಲ್ಯ ಶೇಕಡಾ 40 ಎಂದೋ 75 ಎಂದೋ ಬರೆದುಕೊಡುತ್ತಾರೆ, ಅದರ ಮೇಲೆ ಲೆಕ್ಕ. ಇಲ್ಲಿ ಕಾಯಿಲೆಯ ಹೆಸರಿಗೆ ಅಂಕವಿಲ್ಲ. ಅಡುಗೆ, ಊಟ, ಸ್ನಾನ, ಬಟ್ಟೆ ತೊಡುವುದು ಅಂತ ದಿನನಿತ್ಯದ 10 ಕೆಲಸ ಹಿಡಿದು ಕೇಳುತ್ತಾರೆ. ಒಟ್ಟು 8 ಅಂಕ ಬಂದರೆ ಹಣ, 12 ಬಂದರೆ ಜಾಸ್ತಿ ಹಣ. ಓಡಾಟಕ್ಕೆ ಬೇರೆ ಲೆಕ್ಕ.

ಮೊದಲ ಸಲ ನನಗೆ ಬಂದಿದ್ದು 4. ತಪ್ಪು ನನ್ನದೇ. "ಅಡುಗೆ ಮಾಡ್ತೀರಾ?" ಎಂದು ಫೋನಲ್ಲಿ ಕೇಳಿದಾಗ "ಹ್ಞೂಂ, ಹೇಗೋ ಮಾಡ್ಕೋತೀನಿ" ಎಂದಿದ್ದೆ. ಕಂಡವರ ಮುಂದೆ ಗೋಳು ತೋಡಿಕೊಳ್ಳಬಾರದು ಅಂತ ಬೆಳೆಸಿದ್ದಾರೆ, ಬಾಯಿಗೆ ಬರುವುದೇ ಅದು.

ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು. ಈ ಸಲ ಸಲಹಾ ಕೇಂದ್ರಕ್ಕೆ ಹೋದೆ. ಅಲ್ಲಿನ ಹೆಂಗಸು ಬಿಡಲಿಲ್ಲ. "ಹೇಗೋ ಅಂದರೆ ಹೇಗೆ?" ಸರಿ, ಹೇಳಿದೆ. ಎಸರಿಗೆ ಹಿಟ್ಟು ಹಾಕಿ ಕೋಲು ಹಿಡಿದರೆ ಎರಡೇ ಸುತ್ತಿಗೆ ಮಣಿಕಟ್ಟು ಸೋಲುತ್ತದೆ. ಮುದ್ದೆ ಗಂಟುಗಂಟಾಗುತ್ತದೆ. ಒಮ್ಮೆ ಪಾತ್ರೆ ಮಗುಚಿ ಪಾದ ಸುಟ್ಟಿತ್ತು. ಈಗ ತೊಳಸುವುದು, ಉಂಡೆ ಕಟ್ಟುವುದು ಎಲ್ಲ ನಮ್ಮ ಯಜಮಾನರೇ. (ಉಂಡೆಯ ಆಕಾರದ ಬಗ್ಗೆ ಮಾತು ಬೇಡ.) ಮುದ್ದೆ ಬಿಡಿ, ಈರುಳ್ಳಿ ಹೆಚ್ಚಲೂ ಅನ್ನ ಬಸಿಯಲೂ ಅವರೇ ಬೇಕು. ಆಕೆ ಎಲ್ಲವನ್ನೂ ಬರೆದುಕೊಂಡರು. ಸುಮ್ನೆ ಮಾಡಬಲ್ಲೆ ಎಂದರೆ ಸಾಲದಂತೆ. ಅಪಾಯವಿಲ್ಲದೆ, ಸರಿಯಾಗಿ, ಬೇಕಾದಾಗಲೆಲ್ಲ, ಹೊತ್ತು ಮೀರದೆ ಮಾಡಲು ಆಗಬೇಕು. ನಿಯಮವೇ ಹಾಗಿದೆ.

ಕಾಗದ ಬಂತು. ಅಡುಗೆಗೆ 4, ಸ್ನಾನಕ್ಕೆ 2, ಬಟ್ಟೆಗೆ 2. ಸರಿಯಾಗಿ ಎಂಟು.

ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಹಣ ಎಷ್ಟು ಅಂತ ಅವಳು ಕೇಳಲೇ ಇಲ್ಲ. "ಮುದ್ದೆ ತೊಳಸೋಕೆ ಬರಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟೆಯಾ? ನಿಮ್ಮತ್ತೆ ಕಿವಿಗೆ ಬೀಳದ ಹಾಗೆ ನೋಡ್ಕೋ."