ಗ್ರಾನೋಸೆನ್ ಕಾಡಿನ ಕೂಗು

ಓಸ್ಲೋದಿಂದ ಟ್ರೋಂಡ್‌ಹೈಮ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಏಳು ತಾಸು. ವಿಮಾನದಲ್ಲಾದರೆ ಒಂದೇ ತಾಸು. ಆದರೂ ರೈಲೇ ಆಗಬೇಕು ಎಂದು ನಾನು ಹಟ ಹಿಡಿದೆ. ಓಸ್ಲೋದಲ್ಲಿ ಕೆಲಸ ಮಾಡುವ ತಮ್ಮ ಬೇಡ ಅನ್ನಲಿಲ್ಲ. ದಾರಿಯಲ್ಲಿ ಲಿಲ್ಲೆಹ್ಯಾಮರ್ ಬರುತ್ತದೆ, ಅಕ್ಕನಿಗೆ ಅದನ್ನು ಕಿಟಕಿಯಿಂದಾದರೂ ನೋಡಬೇಕು ಎಂದು ಅವನಿಗೆ ಗೊತ್ತಿತ್ತು.

ನನಗೆ ಈ ಹುಚ್ಚು ಹಿಡಿಸಿದವನೂ ಅವನೇ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಒಂದು ಹಳೆಯ ವಿಡಿಯೊ ಕಳಿಸಿದ್ದ. 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್, ಗಂಡಸರ ಕ್ರಾಸ್‌ಕಂಟ್ರಿ ಸ್ಕೀ ರಿಲೇ. ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಹಿಮದ ಮೇಲೆ ಓಡುವ ಆಟ. ನಾಲ್ಕು ಜನ, ತಲಾ 10 ಕಿಲೋಮೀಟರ್. ನಾರ್ವೆಗೆ ತವರುಮನೆಯ ಅಂಗಳ. ಕೊನೆಯ ಸರದಿಗೆ ಬ್ಯೋರ್ನ್ ಡೇಲಿ, ಆ ಕಾಲದ ದೊಡ್ಡ ಹೆಸರು. ಅವನ ಜೊತೆಜೊತೆಗೇ ಇಟಲಿಯ ಸಿಲ್ವಿಯೊ ಫಾವ್ನರ್. ಗೆದ್ದಿದ್ದು ಇಟಲಿ. ಅಂತರ 0.4 ಸೆಕೆಂಡ್. ಇಟಲಿ ತಂಡದಲ್ಲಿದ್ದ ಮೌರಿಲಿಯೊ ಡಿ ಜೋಲ್ಟ್‌ಗೆ ಆಗ 43 ವರ್ಷ! ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ತಣ್ಣಗಾಗಿದ್ದನ್ನು ನಾನು ಶಿರಸಿಯ ಮನೆಯ ಜಗಲಿಯಲ್ಲಿ ಕೂತು ನೋಡಿದ್ದೆ. ಆಮೇಲೆ ಬಿಡಲಾಗಲಿಲ್ಲ.

ಲಿಲ್ಲೆಹ್ಯಾಮರ್ ಬಂದಾಗ ಕಿಟಕಿಗೆ ಮುಖ ಒತ್ತಿ ನೋಡಿದೆ. ಗುಡ್ಡದ ಮೇಲೆ ಒಲಿಂಪಿಕ್ಸ್‌ನ ಜಂಪಿಂಗ್ ಇಳಿಜಾರು ಬಿಳಿ ಗೆರೆಯಂತೆ ಕಾಣಿಸಿತು. ಅಷ್ಟೇ. ರೈಲು ಹೊರಟೇಬಿಟ್ಟಿತು.

ಅವತ್ತು 2025ರ ಮಾರ್ಚ್ 5, ಬುಧವಾರ. ಟ್ರೋಂಡ್‌ಹೈಮ್‌ನಲ್ಲಿ ನಾರ್ಡಿಕ್ ಸ್ಕೀ, ಅಂದರೆ ಕ್ರಾಸ್‌ಕಂಟ್ರಿ, ಸ್ಕೀ ಜಂಪಿಂಗ್ ಎಲ್ಲ ಸೇರಿದ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿ ಒಂದು ವಾರ ಆಗಿತ್ತು. ಈ ಚಾಂಪಿಯನ್‌ಷಿಪ್‌ಗೆ ಆ ವರ್ಷವೇ ನೂರು ತುಂಬಿದ್ದು. ಮೊದಲನೆಯದು 1925ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ನಡೆದಿತ್ತು. ನಾವು ರೈಲಿಳಿದ ರಾತ್ರಿಯ ಹೊತ್ತಿಗೆ ಊರಲ್ಲೆಲ್ಲ ಒಂದೇ ಮಾತು. ಯೊಹಾನೆಸ್ ಹೋಸ್‌ಫ್ಲೋಟ್ ಕ್ಲೇಬೊ ಓಡಿದ ನಾಲ್ಕು ರೇಸ್‌ಗಳಲ್ಲಿ ನಾಲ್ಕೂ ಚಿನ್ನ. ಇನ್ನೆರಡು ಬಾಕಿ. ಕ್ಲೇಬೊ ಇದೇ ಊರಲ್ಲಿ ಬೆಳೆದವನು. ಅವನ ಕೋಚ್ ಬೇರೆ ಯಾರೂ ಅಲ್ಲ, ಸ್ವಂತ ಅಜ್ಜ.

ಟ್ರೋಂಡ್‌ಹೈಮ್ ಚಂದದ ಊರು. ನಿದೆಲ್ವಾ ನದಿ, ಅದರ ದಡದಲ್ಲಿ ಕಂಬಗಳ ಮೇಲೆ ನಿಂತ ಬಣ್ಣಬಣ್ಣದ ಮರದ ಗೋದಾಮುಗಳು, ಕೆಂಪು ಕಮಾನಿನ ಹಳೆ ಸೇತುವೆ, ನಿದಾರೋಸ್ ಕೆಥೆಡ್ರಲ್. ಆದರೆ ಆ ನಾಲ್ಕು ದಿನ ನಾನು ಊರು ನೋಡಿದ್ದು ಕಡಿಮೆಯೇ. ರೇಸ್‌ಗಳು ನಡೆಯುತ್ತಿದ್ದ ಗ್ರಾನೋಸೆನ್ ಇರುವುದು ಊರಾಚೆಯ ಗುಡ್ಡದಲ್ಲಿ, ನನ್ನ ಮನಸ್ಸೆಲ್ಲ ಅಲ್ಲೇ ಇತ್ತು.

ಗುರುವಾರ ಗಂಡಸರ ರಿಲೇ. ಸ್ಟೇಡಿಯಮ್‌ನೊಳಗೆ ಕೂರುವ ಬದಲು ಕಾಡಿನ ದಾರಿಯಲ್ಲಿ ನಿಲ್ಲೋಣ ಎಂದ ತಮ್ಮ. ಅದಕ್ಕೆ ಅವನಿಗೆ ಇವತ್ತಿಗೂ ಥ್ಯಾಂಕ್ಸ್ ಹೇಳುತ್ತೇನೆ. ಏರುದಾರಿಯ ಎರಡೂ ಬದಿ ಜನ. ಅಲ್ಲಲ್ಲಿ ಕಟ್ಟಿಗೆ ಬೆಂಕಿ, ಹೊಗೆ, ಸಾಸೇಜ್ ಸುಡುವ ವಾಸನೆ. ನಮ್ಮ ಪಕ್ಕದ ಕುಟುಂಬವೊಂದು ಹಿಮವನ್ನೇ ಕಡಿದು ಬೆಂಚು ಮಾಡಿಕೊಂಡು, ಅದರ ಮೇಲೆ ಜಿಂಕೆಚರ್ಮ ಹಾಸಿ ಕೂತಿತ್ತು. ಮಕ್ಕಳ ಕೈಯಲ್ಲಿ ದನದ ಕೊರಳಿಗೆ ಕಟ್ಟುವಂಥ ಗಂಟೆ. ಯಾರೋ ಬಿಸಿ ಕಪ್ಪುದ್ರಾಕ್ಷಿ ಹಣ್ಣಿನ ಪಾನಕ ಕೊಟ್ಟರು. ಹಿಮ ಒದ್ದೆ, ನನ್ನ ಬೂಟು ಅದಕ್ಕಿಂತ ಒದ್ದೆ.

ಈ ರಿಲೇಯಲ್ಲಿ ಈಗ ತಲಾ 7.5 ಕಿಲೋಮೀಟರ್, ಹೆಂಗಸರಿಗೂ ಗಂಡಸರಿಗೂ ಒಂದೇ ದೂರ. ಮೊದಲ ಇಬ್ಬರು ಹಳೆಯ ಶೈಲಿಯಲ್ಲಿ ಹೋಗಬೇಕು. ಹಿಮದಲ್ಲಿ ಕೊರೆದ ಎರಡು ಗೀರುಗಳಲ್ಲಿ ಕಾಲಿಟ್ಟು, ನೇರ ಹೆಜ್ಜೆ. ಕೊನೆಯ ಇಬ್ಬರದು ಫ್ರೀ ಶೈಲಿ, ಐಸ್ ಸ್ಕೇಟಿಂಗ್‌ನ ಹಾಗೆ ಅಡ್ಡಡ್ಡ ತಳ್ಳಿಕೊಂಡು. ಬ್ಯಾಟನ್ ಇಲ್ಲ. ಮುಂದಿನವನ ಬೆನ್ನು ಮುಟ್ಟಿದರೆ ಸರದಿ ಬದಲು.

ನಾವು ನಿಂತಲ್ಲಿ ಪ್ರತಿ ಸುತ್ತಿಗೆ ಅವರು ಕಾಣುತ್ತಿದ್ದುದು ಕೆಲವೇ ಕ್ಷಣ. ಟಿವಿಯಲ್ಲಿ ಇದು ಸಲೀಸಾಗಿ ಜಾರುವ ಆಟ ಅನಿಸುತ್ತದೆ. ಹತ್ತಿರದಿಂದ ಹಾಗಲ್ಲ. ಎರಡು ಮಾರು ದೂರದಲ್ಲಿ ಹಾದುಹೋದಾಗ ಮೊದಲು ಕೇಳಿದ್ದು ಉಸಿರು. ಗರಗಸ ಎಳೆದ ಹಾಗೆ. ಗಲ್ಲದಿಂದ ಜೊಲ್ಲು ಇಳಿದು ಗಾಳಿಗೆ ಹಾರುತ್ತಿತ್ತು. ಕೋಲಿನ ಮೊನೆ ಹಿಮಕ್ಕೆ ಚುಚ್ಚುವ ಚಕ್, ಚಕ್ ಸದ್ದು. ನಾರ್ವೆ, ಸ್ವೀಡನ್, ಸ್ವಿಟ್ಜರ್ಲೆಂಡ್ ಎಂದು ನೋಡದೆ ಜನ ಎಲ್ಲರಿಗೂ ‘ಹೈಯಾ, ಹೈಯಾ’ ಎನ್ನುತ್ತಿದ್ದರು. ಎಲ್ಲರಿಗಿಂತ ಹಿಂದಿದ್ದವನಿಗೆ ಜಾಸ್ತಿ ಜೋರಾಗಿ.

ಕೊನೆಯ ಸರದಿ ಕ್ಲೇಬೊದು. ನಮ್ಮ ಮುಂದೆ ಹಾದುಹೋದ, ಮರಗಳ ಮರೆಗೆ ಸರಿದ. ಆಮೇಲೆ ನಮಗೆ ಕಂಡಿದ್ದು ಏನೂ ಇಲ್ಲ, ಕೇಳಿದ್ದು ಮಾತ್ರ. ಕೂಗು ಕಾಡಿನೊಳಗೆ ತಿರುವಿನಿಂದ ತಿರುವಿಗೆ ಸಾಗುತ್ತಾ ಹೋಯಿತು. ಗದ್ದೆಯ ಮೇಲೆ ಮಳೆ ಸರಿದುಹೋಗುವುದು ಕೇಳಿಸುತ್ತದಲ್ಲ, ಹಾಗೆ. ಅವನೆಲ್ಲಿದ್ದಾನೆ ಎಂದು ಕಿವಿಯಿಂದಲೇ ಹೇಳಬಹುದಿತ್ತು. ಕೊನೆಗೆ ಸ್ಟೇಡಿಯಮ್ ಕಡೆಯಿಂದ ಎದ್ದ ಸದ್ದಿಗೆ ಪಕ್ಕದ ಅಜ್ಜಿ ನನ್ನನ್ನು ತಬ್ಬಿಕೊಂಡೇಬಿಟ್ಟರು. ನಾರ್ವೆಗೆ ಚಿನ್ನ, ಸ್ವೀಡನ್‌ಗೆ ಬೆಳ್ಳಿ, ಸ್ವಿಟ್ಜರ್ಲೆಂಡ್‌ಗೆ ಕಂಚು.

ಒಂದು ಲೆಕ್ಕ ಹೇಳಬೇಕು. ವಿಶ್ವ ಚಾಂಪಿಯನ್‌ಷಿಪ್‌ನ ಈ ರಿಲೇಯನ್ನು ನಾರ್ವೆಯ ಗಂಡಸರು 1999ರಲ್ಲಿ ಆಸ್ಟ್ರಿಯಾಗೆ ಬಿಟ್ಟುಕೊಟ್ಟಿದ್ದೇ ಕೊನೆ. 2001ರಿಂದ ಇಲ್ಲಿಯವರೆಗೆ ಸತತ 13 ಬಾರಿ ಅವರದೇ. ಒಲಿಂಪಿಕ್ಸ್‌ನಲ್ಲಿ ಸೋತಿದ್ದಾರೆ, 2010ರಲ್ಲಿ ಮತ್ತು 2014ರಲ್ಲಿ ಸ್ವೀಡನ್ ಗೆದ್ದಿತು. ಆದರೆ ಇಲ್ಲಿ ಇಲ್ಲ. ಇಷ್ಟು ವರ್ಷದಲ್ಲಿ ಓಡಿದವರೆಲ್ಲ ಬದಲಾಗಿದ್ದಾರೆ. ಹಾಗಾದರೆ ಬದಲಾಗದೆ ಉಳಿದಿದ್ದು ಏನು? ಆ ಪ್ರಶ್ನೆ ರಾತ್ರಿಯಿಡೀ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಉತ್ತರದ ಒಂದು ತುಣುಕು ಮರುದಿನ ಬೆಳಿಗ್ಗೆ ಟ್ರಾಮ್‌ನ ಕೊನೆಯ ಸ್ಟಾಪ್‌ನಲ್ಲಿ ಸಿಕ್ಕಿತು.

ಊರ ನಡುವಿನಿಂದ ಗುಡ್ಡ ಹತ್ತಿ ಲಿಯಾನ್ ಎಂಬಲ್ಲಿಗೆ ಒಂದು ಟ್ರಾಮ್ ಹೋಗುತ್ತದೆ. ಅಲ್ಲಿಂದ ಬೀಮಾರ್ಕಾ ಕಾಡು ಶುರು. ನಮ್ಮೂರಲ್ಲಿ ಬಸ್ಸಿನ ಮೇಲೆ ಬಾಳೆಗೊನೆ ಹೇರಿದ ಹಾಗೆ ಟ್ರಾಮ್ ತುಂಬ ಸ್ಕೀಗಳು. ಕಾಡೊಳಗೆ ಗೀರು ಕೊರೆದ ದಾರಿಗಳು, ಕೆಲವಕ್ಕೆ ಉದ್ದಕ್ಕೂ ದೀಪದ ಕಂಬ. ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುವ ಊರಲ್ಲಿ ಕೆಲಸ ಮುಗಿಸಿ ಬಂದವರು, ಶಾಲೆ ಬಿಟ್ಟ ಮಕ್ಕಳು ಆ ಬೆಳಕಿನಲ್ಲಿ ಓಡುತ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ.

ಬಾಡಿಗೆ ಸ್ಕೀ ಹಾಕಿಕೊಂಡು ನಾನೂ ನಿಂತೆ. ಸಣ್ಣ ಏರು ಬಂದರೂ ಹಿಂದಕ್ಕೆ ಜಾರುತ್ತಿದ್ದೆ. ವಯಸ್ಸಾದ ಹೆಂಗಸೊಬ್ಬರು ನೋಡಿ ಹತ್ತಿರ ಬಂದರು. ನನ್ನ ಸ್ಕೀ ಬಿಚ್ಚಿಸಿ, ಗಟ್ಟಿ ಹಲಗೆಯ ಮೇಲಿಟ್ಟು, ಮತ್ತೆ ಅದರ ಮೇಲೆ ನಿಲ್ಲಿಸಿದರು. ಜೇಬಿನಿಂದ ಒಂದು ಕಾಗದ ತೆಗೆದು ಪಾದದ ಕೆಳಗೆ, ಸ್ಕೀ ಮತ್ತು ಹಲಗೆಯ ನಡುವೆ ತೂರಿಸಿದರು. ಎರಡೂ ಕಾಲಿನ ಮೇಲೆ ಭಾರ ಹಾಕಿದಾಗ ಕಾಗದ ಹಿಂದೆ ಮುಂದೆ ಸಲೀಸಾಗಿ ಸರಿಯಿತು. ‘ಈಗ ಒಂದೇ ಕಾಲಿನ ಮೇಲೆ’ ಎಂದರು. ಭಾರ ಬಿದ್ದದ್ದೇ ಕಾಗದ ಗಪ್ಪೆಂದು ಸಿಕ್ಕಿಕೊಂಡಿತು.

ಇಡೀ ಗುಟ್ಟು ಅದರಲ್ಲಿದೆ. ಸ್ಕೀ ನಡುವಲ್ಲಿ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಜಾರುವಾಗ ಆ ಭಾಗ ಹಿಮಕ್ಕೆ ತಾಕಬಾರದು. ಒದೆಯುವಾಗ ಮಾತ್ರ ತಾಕಿ, ಹಿಡಿದುಕೊಳ್ಳಬೇಕು. ಆ ಹಿಡಿತಕ್ಕೆ ಅಲ್ಲೊಂದು ಮೇಣ ಬಳಿಯುತ್ತಾರೆ. ಚಳಿ ಜಾಸ್ತಿ ಇದ್ದರೆ ಗಟ್ಟಿ ನೀಲಿ, ಸೊನ್ನೆ ಡಿಗ್ರಿ ಹತ್ತಿರ ಬಂದರೆ ನೇರಳೆ, ಆಮೇಲೆ ಕೆಂಪು. ಹಿಮ ಕರಗಿ ಮತ್ತೆ ಗಡ್ಡೆಕಟ್ಟಿದರೆ ಟ್ಯೂಬಿನಲ್ಲಿ ಬರುವ ಕ್ಲಿಸ್ಟರ್. ಬೆರಳಿಗೆ ಒಂದು ಚೂರು ತಾಗಿತು ನೋಡಿ, ಅಪ್ಪಟ ಹಲಸಿನ ಮೇಣ! ಉಜ್ಜಿದಷ್ಟೂ ಹರಡುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ ಎಂದು ಅವರಿಗೆ ಹೇಳಿದೆ. ಬಹಳ ಖುಷಿಪಟ್ಟರು.

ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಯಾವ ಮೇಣ ಎಂದು ತೀರ್ಮಾನಿಸುವುದೇ ದೊಡ್ಡ ತಲೆನೋವು. ಹಾಗಾಗಿ ರಾಷ್ಟ್ರೀಯ ತಂಡಗಳ ಜೊತೆ ಮೇಣದ ತಜ್ಞರ ಒಂದು ದಂಡೇ ಇರುತ್ತದೆ, ಅವರಿಗೆಂದೇ ದೊಡ್ಡ ಲಾರಿಗಳು. ರೇಸ್ ಬೆಳಿಗ್ಗೆ ಅವರು ಜೋಡಿ ಜೋಡಿ ಸ್ಕೀ ಹಾಕಿಕೊಂಡು ಇಳಿದು ಹತ್ತಿ ಪರೀಕ್ಷೆ ಮಾಡುತ್ತಿರುತ್ತಾರೆ. ಜಾರುವುದಕ್ಕೆ ಬಳಿಯುವುದು ಬೇರೆ ಮೇಣ, ಮೊದಲು ಅದರಲ್ಲಿ ಫ್ಲೋರಿನ್ ಇರುತ್ತಿತ್ತು. ಭಯಂಕರ ಜಾರುತ್ತಿತ್ತು, ಆದರೆ ಪರಿಸರಕ್ಕೂ ಬಳಿಯುವವರ ಆರೋಗ್ಯಕ್ಕೂ ಕೆಟ್ಟದ್ದು. 2023-24ರ ಋತುವಿನಿಂದ ಅದಕ್ಕೆ ನಿಷೇಧ ಬಿತ್ತು.

ಅದೇ ಹೆಂಗಸು ಇನ್ನೊಂದು ವಿಷಯ ಹೇಳಿದರು. ಇಲ್ಲಿ ಪುಟ್ಟ ಮಕ್ಕಳ ರೇಸ್‌ಗಳಲ್ಲಿ ಮೊದಲು, ಎರಡನೆಯದು ಎಂದು ಪಟ್ಟಿ ಹಾಕುವಂತಿಲ್ಲ. ನಾರ್ವೆಯ ಮಕ್ಕಳ ಕ್ರೀಡಾ ನಿಯಮದ ಪ್ರಕಾರ 11 ತುಂಬುವ ವರ್ಷ ಬರುವವರೆಗೆ ರ‍್ಯಾಂಕ್ ಪಟ್ಟಿ ಇಲ್ಲ. ಬಹುಮಾನ ಕೊಟ್ಟರೆ ಎಲ್ಲರಿಗೂ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಕೀ ಪದಕ ಗೆಲ್ಲುವ ದೇಶ ತನ್ನ ಮಕ್ಕಳನ್ನು ಎಣಿಸುವುದೇ ಇಲ್ಲ! ಎಲ್‌ಕೆಜಿ ಮಗುವಿನ ಅಂಕಪಟ್ಟಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವ ನಾವು ಇದನ್ನು ಕೂತು ಯೋಚಿಸಬೇಕು, ಅಲ್ವಾ? ಆ ರೇಸ್‌ಗಳನ್ನು ನಡೆಸುವುದು ಅಪ್ಪ ಅಮ್ಮಂದಿರೇ, ಸಂಬಳ ಇಲ್ಲದೆ. ಹಾಗೆ ಒಟ್ಟಿಗೆ ಕೈಜೋಡಿಸುವುದಕ್ಕೆ ಅವರು ‘ದುಗ್ನಾದ್’ ಎನ್ನುತ್ತಾರೆ. ನಮ್ಮ ಮಲೆನಾಡಿನ ಮುಯ್ಯಾಳು ನೆನಪಾಯಿತು. ಗ್ರಾನೋಸೆನ್‌ನಲ್ಲಿ ದಾರಿ ತೋರಿಸುತ್ತಿದ್ದವರು, ಕಾಫಿ ಹಂಚುತ್ತಿದ್ದವರು ಕೂಡ ಇಂಥವರೇ.

‘ಇಂಡಿಯಾದಲ್ಲಿ ಇದು ಉಂಟಾ?’ ಎಂದು ಅವರು ಕೇಳಿದರು. ಉಂಟು ಎಂದೆ. ಗುಲ್ಮಾರ್ಗ್ ಬಗ್ಗೆ ಹೇಳಿದೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ನಮ್ಮ ಜಗದೀಶ್ ಸಿಂಗ್ 15 ಕಿಲೋಮೀಟರ್ ಓಡಿದ್ದನ್ನು ಹೇಳಿದೆ. ಕೊಡಗಿನ ಹುಡುಗಿ ಭವಾನಿ ತೆಕ್ಕಡ ನಂಜುಂಡಳ ಬಗ್ಗೆ ಹೇಳುವಾಗ ಮಾತ್ರ ನನ್ನ ದನಿ ಏರಿತ್ತು. ಹಿಮವೇ ಬೀಳದ ಜಿಲ್ಲೆಯಿಂದ ಬಂದು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವಳು. ನಮ್ಮ ಈ ಪ್ರಯಾಣದ ನಂತರ, ಅದೇ 2025ರಲ್ಲಿ, ಚಿಲಿಯಲ್ಲಿ ನಡೆದ 5 ಕಿಲೋಮೀಟರ್ ರೇಸ್‌ನಲ್ಲಿ ಅವಳು ಕಂಚು ಗೆದ್ದಳು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಅಂತರರಾಷ್ಟ್ರೀಯ ಪದಕ ಪಡೆದ ಮೊದಲ ಭಾರತೀಯ ಮಹಿಳೆ. ಸುದ್ದಿ ಓದಿದ ದಿನ ನನಗೆ ಲಿಯಾನ್‌ನ ಆ ಏರು ನೆನಪಾಯಿತು. ಅರ್ಧ ಗಂಟೆ ಅದರ ಮೇಲೆ ನಿಂತವರಿಗೆ ಗೊತ್ತು, ಭವಾನಿ ದಾಟಿದ್ದು ಎಂಥ ಬೆಟ್ಟ ಎಂದು.

ಶುಕ್ರವಾರ ಹೆಂಗಸರ ರಿಲೇ. ಸ್ವೀಡನ್ ಗೆದ್ದಿತು, ನಾರ್ವೆ ಎರಡನೆಯದು, ಜರ್ಮನಿ ಮೂರನೆಯದು. ಸತತ ಮೂರು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಸ್ಪ್ರಿಂಟ್ ಚಿನ್ನ ಗೆದ್ದ ಯೊನ್ನಾ ಸುಂಡ್ಲಿಂಗ್ ಇರುವ ತಂಡ ಅದು. ನಾರ್ವೆಯ ಜನ ಅವತ್ತು ಪೆಚ್ಚಾದರು ನಿಜ, ಆದರೆ ಚಪ್ಪಾಳೆ ನಿಲ್ಲಿಸಲಿಲ್ಲ.

ಶನಿವಾರ, ಮಾರ್ಚ್ 8. ಗಂಡಸರ 50 ಕಿಲೋಮೀಟರ್. ಇಷ್ಟು ಜನ ಕಾಡಿನಲ್ಲಿ ಎಲ್ಲಿ ಹಿಡಿಸಿದರೋ. 1997ರಲ್ಲಿ ಇದೇ ಗ್ರಾನೋಸೆನ್‌ನಲ್ಲಿ ರಷ್ಯಾದ ಯೆಲೆನಾ ವ್ಯಾಲ್ಬೆ ಹೆಂಗಸರ ಐದೂ ರೇಸ್ ಗೆದ್ದಿದ್ದಳು. ಈಗ ಕ್ಲೇಬೊ ಆರಕ್ಕೆ ಆರು ಗೆಲ್ಲುತ್ತಾನಾ? ಸ್ಪ್ರಿಂಟ್ ಓಡುವ ಕಾಲು 50 ಕಿಲೋಮೀಟರನ್ನೂ ಗೆಲ್ಲುವುದು ಸುಮ್ನೆ ಮಾತಲ್ಲ. ಎರಡು ತಾಸು ಅವನು ಗುಂಪಿನಲ್ಲಿ ಬರುವುದು, ಹೋಗುವುದು ನೋಡುತ್ತಾ ನಿಂತೆ. ಪ್ರತಿ ಸುತ್ತಿಗೂ ಗುಂಪು ಸಣ್ಣದಾಗುತ್ತಿತ್ತು. ಕೊನೆಗೆ ಮತ್ತೆ ಅದೇ ಕೂಗು, ಕಾಡೊಳಗಿಂದ ಹರಿದು ಸ್ಟೇಡಿಯಮ್‌ಗೆ. ಕ್ಲೇಬೊ ಮೊದಲು, ಸ್ವೀಡನ್‌ನ ವಿಲಿಯಮ್ ಪೊರೊಮಾ ಎರಡನೆಯವನು, ನಾರ್ವೆಯ ಸೀಮೆನ್ ಹೆಗ್‌ಸ್ಟಾಡ್ ಕ್ರೂಗರ್ ಮೂರನೆಯವನು. ಒಂದೇ ಕೂಟದಲ್ಲಿ ಆರು ಚಿನ್ನ. ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ.

ಅದೇ ದಿನ ಪಕ್ಕದ ಇಳಿಜಾರಿನಲ್ಲಿ ಸ್ಕೀ ಜಂಪಿಂಗ್ ಇತ್ತು. ನಾರ್ವೆಯ ಇಬ್ಬರು ಅನರ್ಹರಾದರು. ಅವರ ಸೂಟ್‌ಗಳನ್ನು ಬೇಕೆಂದೇ ಬದಲಿಸಿ ಹೊಲಿಯಲಾಗಿತ್ತು, ಗಾಳಿಯಲ್ಲಿ ಹೆಚ್ಚು ದೂರ ತೇಲಲಿ ಎಂದು. ನಾರ್ವೆ ತಂಡವೇ ಅದನ್ನು ಒಪ್ಪಿಕೊಂಡಿತು. ನಾವು ಉಳಿದುಕೊಂಡಿದ್ದ ಮನೆಯ ಯಜಮಾನ ಭಾನುವಾರ ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ ಒಂದೂ ಮಾತಾಡಲಿಲ್ಲ. ಹಿಂದಿನ ಸಂಜೆ ಅವನೇ ಕ್ಲೇಬೊಗಾಗಿ ಮೇಜು ಹತ್ತಿ ಕುಣಿದಿದ್ದ. ಮಕ್ಕಳ ರೇಸ್‌ಗೆ ರ‍್ಯಾಂಕ್ ಬೇಡ ಎನ್ನುವ ಊರಲ್ಲೇ ಇದು ನಡೆಯಿತಲ್ಲ ಎಂದು ನನಗೂ ಹೊಟ್ಟೆಯುರಿಯಿತು.

ಅವತ್ತೇ ವಾಪಸ್ ರೈಲು. ಹೆಂಗಸರ 50 ಕಿಲೋಮೀಟರ್ ನಡೆಯುತ್ತಿತ್ತು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರು ಆ ದೂರ ಓಡಿದ್ದು ಅದೇ ಮೊದಲು. ಡಬ್ಬಿ ತುಂಬ ಫೋನ್‌ಗಳು, ಎಲ್ಲದರಲ್ಲೂ ಅದೇ ರೇಸ್. ಎಲ್ಲರ ಕಣ್ಣು ಥೆರೇಸ್ ಯೊಹೌಗ್ ಮೇಲೆ. 2022ರಲ್ಲಿ ಆಟ ಬಿಟ್ಟು, ಮಗಳನ್ನು ಹೆತ್ತು, 36ನೇ ವಯಸ್ಸಿನಲ್ಲಿ ಈ ಕೂಟಕ್ಕೆಂದೇ ಮರಳಿದವಳು. ಬೆಟ್ಟದ ತಪ್ಪಲಲ್ಲಿ ಸಿಗ್ನಲ್ ಹೋಯಿತು. ಡಬ್ಬಿಯೆಲ್ಲ ‘ಅಯ್ಯೋ’ ಎಂದಿತು, ಅವರ ಭಾಷೆಯಲ್ಲಿ. ಎದುರಿಗೆ ಕೂತಿದ್ದ ಹುಡುಗಿ ಕಿತ್ತಳೆ ಸುಲಿದು ನಮಗೂ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಫೋನ್ ಜೀವ ಬಂದು ಮಾತಾಡಿತು. ಸ್ವೀಡನ್‌ನ ಫ್ರೀಡಾ ಕಾರ್ಲ್‌ಸನ್ ಮೊದಲು, ನಾರ್ವೆಯ ಹೈಡಿ ವೆಂಗ್ ಎರಡನೆಯವಳು, ಯೊಹೌಗ್ ಮೂರನೆಯವಳು. ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಗೆರೆ ದಾಟಿದ ಯೊಹೌಗ್ ಹಿಮದ ಮೇಲೆ ಬಿದ್ದುಕೊಂಡಿದ್ದಳು, ಕೋಲು ಇನ್ನೂ ಕೈಗೇ ಕಟ್ಟಿತ್ತು.