ಎರಡನೇ ಫ್ರೇಮಿನಲ್ಲೇ ಇತ್ತು

ಕಬ್ಬು ಕಡಿಯುವಾಗ ತಲೆ ಸಿಡಿದಂತಾಗಿ ಗದ್ದೆಯಲ್ಲೇ ಕುಸಿದ ರೋಗಿ. ಮಂಡ್ಯದಲ್ಲಿ ಸಿಟಿ ಆಗಿ ಮೈಸೂರಿಗೆ ಬಂದಾಗ ರಾತ್ರಿಯಾಗಿತ್ತು. ಸಿಟಿ ಆಂಜಿಯೋದಲ್ಲಿ (ರಕ್ತನಾಳ ತೋರಿಸುವ ಸ್ಕ್ಯಾನ್) ಎಡ ಸೆರೆಬೆಲ್ಲಮ್‌ನ, ಅಂದರೆ ಹಿಂಮಿದುಳಿನ, ಎವಿಎಂ ಕಂಡಿತು: ಅಪಧಮನಿ ನೇರವಾಗಿ ವೇನ್‌ಗೆ (ಅಭಿಧಮನಿಗೆ) ಸೇರುವ ನಾಳಗಳ ಗೋಜಲು. ಗೋಜಲಿನ ನಡುಭಾಗವಾದ ನೈಡಸ್ ಒಡೆದಿದೆ ಅಂತ ಎಲ್ಲರೂ ಒಪ್ಪಿಬಿಟ್ಟೆವು.

ಒಪ್ಪಬಾರದಿತ್ತು. ರಕ್ತವೆಲ್ಲ ನಾಲ್ಕನೇ ವೆಂಟ್ರಿಕಲ್ ಮತ್ತು ಸಿಸ್ಟರ್ನಾ ಮ್ಯಾಗ್ನಾದಲ್ಲಿತ್ತು, ಅಂದರೆ ಸೆರೆಬೆಲ್ಲಮ್ ಪಕ್ಕದ ನೀರು ತುಂಬಿದ ಜಾಗಗಳಲ್ಲಿ. ನೈಡಸ್ ಸುತ್ತಲಿನ ಮಿದುಳು ಚೊಕ್ಕಟವಾಗಿತ್ತು. ನೈಡಸ್ ಸುರಿದರೆ ಸಾಮಾನ್ಯವಾಗಿ ಹೆಮಟೋಮಾ (ರಕ್ತದ ಗಡ್ಡೆ) ಅದರ ಮಗ್ಗುಲಲ್ಲೇ ಕೂತಿರುತ್ತದೆ. ಹಾಗೆ ಇಲ್ಲದಾಗ ಮೊದಲು ಫೀಡರಿನಲ್ಲಿ, ಅಂದರೆ ನೈಡಸ್‌ಗೆ ರಕ್ತ ತರುವ ಅಪಧಮನಿಯಲ್ಲಿ, ಅನ್ಯೂರಿಸಂ (ನಾಳದ ಗೋಡೆ ಉಬ್ಬಿದ ಚೀಲ) ಹುಡುಕಬೇಕು. ಇಲ್ಲಿ ಫೀಡರ್ ಡಿಸ್ಟಲ್ ಪೈಕಾ, ಸೆರೆಬೆಲ್ಲಮ್‌ನ ಹಿಂಕೆಳಗಿನ ಅಪಧಮನಿಯ ತುದಿಭಾಗ.

ಬೆಳಗ್ಗೆ ಡಿಎಸ್‌ಎ, ಕ್ಯಾಥೆಟರ್‌ನಿಂದ ಡೈ ಬಿಟ್ಟು ತೆಗೆಯುವ ನಾಳಗಳ ಎಕ್ಸ್‌ರೇ ಸರಣಿ. ಮಷೀನ್ ತಾನಾಗಿ ತೆರೆಯುವ ಪ್ರೋಟೋಕಾಲ್ ಸೆಕೆಂಡಿಗೆ 3 ಫ್ರೇಮಿನದು, ಅದರಲ್ಲೇ ಓಡಿಸಿದೆವು. ಎವಿಎಂಗೆ ಅದು ಸಾಲದು. ಎರಡು ಫ್ರೇಮಿನ ನಡುವೆಯೇ ನೈಡಸ್ ತುಂಬಿ ವೇನ್ ಬಂದುಬಿಡುತ್ತದೆ. ಪೈಕಾ ಹುಟ್ಟುವ ಎಡ ವರ್ಟಿಬ್ರಲ್ ಅಪಧಮನಿಗೆ ಡೈ ಬಿಟ್ಟ ರನ್‌ನ ಎರಡನೇ ಫ್ರೇಮಿನಲ್ಲಿ ಪೈಕಾ ಮೇಲೊಂದು ಪುಟ್ಟ ಗುಬುಟು ಇತ್ತು. ನಾಳದ ಲೂಪ್ (ಸುರುಳಿ) ಅಂತ ದಾಟಿಸಿದವನು ನಾನೇ. ರಿಪೋರ್ಟಿನಲ್ಲಿ ಸ್ಪೆಟ್ಜ್ಲರ್-ಮಾರ್ಟಿನ್ ಗ್ರೇಡ್ 1 (ಎವಿಎಂ ಸರ್ಜರಿಯ ಅಪಾಯ ಅಳೆಯುವ ಪಟ್ಟಿಯಲ್ಲಿ ಅತಿ ಕಡಿಮೆ), ಆರು ವಾರ ಬಿಟ್ಟು ಸರ್ಜರಿ. 1986ರ ಆ ಗ್ರೇಡಿಂಗ್ ಗಾತ್ರ, ಎಲೋಕ್ವೆಂಟ್ ಜಾಗ (ಮಾತು, ಚಲನೆಯಂಥ ಮುಖ್ಯ ಕೆಲಸದ ಮಿದುಳು), ಡೀಪ್ ಡ್ರೈನೇಜ್ (ಆಳದ ವೇನ್‌ಗಳಿಗೆ ಹರಿವು) ಈ ಮೂರನ್ನೇ ಕೇಳುತ್ತದೆ. ಅನ್ಯೂರಿಸಂಗೆ ಅಂಕವಿಲ್ಲ. ನಮ್ಮ ಟೆಂಪ್ಲೇಟಿನಲ್ಲಿ ಕಾಲಂ ಕೂಡ ಇಲ್ಲ.

ಆರು ವಾರ ಅನ್ನುವುದು ಒಡೆದ ನೈಡಸ್‌ಗೆ ಸರಿ. ಮೊದಲ ವರ್ಷ ಅದು ಮತ್ತೆ ಸುರಿಯುವ ಸಾಧ್ಯತೆ ನೂರಕ್ಕೆ 6ರ ಆಸುಪಾಸು. ಒಡೆದ ಅನ್ಯೂರಿಸಂ ಮುಚ್ಚದೆ ಬಿಟ್ಟರೆ ಎರಡೇ ವಾರದಲ್ಲಿ 15ರಿಂದ 20.

ಮಧ್ಯಾಹ್ನ ಸಿಟಿ ಮತ್ತೆ ತೆರೆದಾಗ ರಕ್ತದ ಜಾಗ ಚುಚ್ಚಿತು. ಮತ್ತೆ ಡಿಎಸ್‌ಎ: ಸೆಕೆಂಡಿಗೆ 6 ಫ್ರೇಮಿನಲ್ಲಿ ಆಬ್ಲಿಕ್ (ಓರೆ ಕೋನದ) ಚಿತ್ರ, ಆಮೇಲೆ ತ್ರೀಡಿ. ತಿರುಗಿಸಿದರೆ ಲೂಪ್ ಬಿಚ್ಚಿಕೊಳ್ಳಬೇಕು, ಇದು ಬಿಚ್ಚಿಕೊಳ್ಳಲಿಲ್ಲ. ಪೈಕಾದ ಟೀಲೋವೀಲೋಟಾನ್ಸಿಲರ್ ಸೆಗ್ಮೆಂಟಿನಲ್ಲಿ (ನಾಲ್ಕನೇ ವೆಂಟ್ರಿಕಲ್ ಬಳಿಯ ತುಂಡು) 4 ಮಿ.ಮೀ. ಸ್ಯಾಕ್, ಅಂದರೆ ಅನ್ಯೂರಿಸಂ ಚೀಲ, ತುದಿಯಲ್ಲಿ ಮೊಲೆತೊಟ್ಟಿನಂಥ ಮೊನೆ.

ನೈಡಸ್ ತೆಗೆದರೆ ಡಿಸ್ಟಲ್ (ನೈಡಸ್ ಹತ್ತಿರದ) ಅನ್ಯೂರಿಸಂ ತಾನೇ ಕುಗ್ಗಬಹುದು, ನಿಜ. ಅದು ಒಡೆಯದವುಗಳ ಮಾತು. ಪ್ರಾಕ್ಸಿಮಲ್ (ನಾಳದ ಬುಡದ ಕಡೆಯ) ಅನ್ಯೂರಿಸಂ ಅಷ್ಟಾಗಿ ಕುಗ್ಗುವುದಿಲ್ಲ, ನೈಡಸ್ ಮುಚ್ಚಿದ ಮೇಲೆ ಫೀಡರಿನ ಒತ್ತಡವೂ ಏರುತ್ತದೆ.

ಹಾಗಾಗಿ ಮೊದಲು ಸ್ಯಾಕನ್ನೇ ಗ್ಲೂ (ರಕ್ತ ತಗುಲಿದರೆ ಗಟ್ಟಿಯಾಗುವ ಅಂಟು) ತುಂಬಿ ಮುಚ್ಚಲು ಹೊರಟೆವು. ಗ್ಲೂಗೆ ಬೇರೆ ಟೇಬಲ್, ಹೊಸ ಗ್ಲೌಸ್. ಸಲೈನ್ ಹತ್ತಿರ ಸುಳಿಯಕೂಡದು, ಹನಿ ತಗುಲಿದರೂ ಸಿರಿಂಜಿನಲ್ಲೇ ಗಟ್ಟಿಯಾಗುತ್ತದೆ. ಸಲೈನ್ ಬದಲು ಬೇಕಾದ 5% ಡೆಕ್ಸ್‌ಟ್ರೋಸ್ ಟ್ರಾಲಿಯಲ್ಲಿ ಇರಲಿಲ್ಲ, ಐಸಿಯುನಿಂದ ತರಿಸಿದೆವು. ಒಂದು ಭಾಗ ಗ್ಲೂ, ಎರಡು ಭಾಗ ಲಿಪಿಯೋಡಾಲ್ (ಎಕ್ಸ್‌ರೇಯಲ್ಲಿ ಕಾಣುವ ಎಣ್ಣೆ). ಮೈಕ್ರೋಕ್ಯಾಥೆಟರ್ (ಸಣ್ಣ ನಳಿಕೆ) ತುದಿ ಪೈಕಾದ ಕೊರಾಯ್ಡಲ್ ಪಾಯಿಂಟ್ ಎಂಬ ತಿರುವನ್ನು ದಾಟಿದೆ ಅಂತ ಎರಡು ವ್ಯೂನಲ್ಲಿ ಖಾತ್ರಿ ಮಾಡಿಕೊಂಡೆವು. ಅದಕ್ಕಿಂತ ಹಿಂದೆ ಮೆಡುಲ್ಲಾದ (ಮಿದುಳುಕಾಂಡದ ಕೆಳಭಾಗದ) ಪರ್ಫೊರೇಟರ್‌ಗಳೆಂಬ ಸಣ್ಣ ನಾಳಗಳಿವೆ, ಗ್ಲೂ ಅಲ್ಲಿಗೆ ಹೋಗಕೂಡದು. ಬ್ಲಾಂಕ್ ರೋಡ್‌ಮ್ಯಾಪಿನಲ್ಲಿ (ಹೊಸದಾಗಿ ಬಿಟ್ಟದ್ದನ್ನಷ್ಟೇ ತೋರಿಸುವ ಲೈವ್ ಚಿತ್ರ) ಗ್ಲೂವಿನ ಕಪ್ಪು ಹನಿ ಸ್ಯಾಕಿಗಿಳಿಯಿತು, ತುಂಬಿತು, ಸ್ಯಾಕಿನ ಕುತ್ತಿಗೆಗೆ ಬಂತು, ಕ್ಯಾಥೆಟರ್ ತುದಿಯ ಕಡೆ ಹಿಂದೆ ಸರಿಯಿತು. ಕೆಲವೇ ಸೆಕೆಂಡು. ಕೈ ನಿಲ್ಲಿಸಿ, ಆಸ್ಪಿರೇಟ್ ಮಾಡಿ (ಸಿರಿಂಜಿನಿಂದ ಹಿಂದೆಳೆದು), ಒಂದೇ ಎಳೆತಕ್ಕೆ ಕ್ಯಾಥೆಟರ್ ಆಚೆ. ತಡೆದಿದ್ದರೆ ತುದಿ ಅಲ್ಲೇ ಅಂಟಿಕೊಳ್ಳುತ್ತಿತ್ತು. ಕಂಟ್ರೋಲ್ ರನ್‌ನಲ್ಲಿ ಸ್ಯಾಕ್ ಇಲ್ಲ, ಪೈಕಾದ ಮೊದಲರ್ಧ ಹಾಗೇ ಹರಿಯುತ್ತಿತ್ತು. ರಾತ್ರಿಯಿಡೀ ಸಿಸ್ಟೊಲಿಕ್ (ಮೇಲಿನ) ಬಿಪಿ 140ರ ಒಳಗೆ. ನೈಡಸ್ ಸರ್ಜರಿ ಆರು ವಾರದ ಮೇಲೆ, ಈಗ ನೆಮ್ಮದಿಯಿಂದ.

ಟೆಂಪ್ಲೇಟ್ ತಿದ್ದಿ ಅಂತ ಎರಡು ಸಲ ಬರೆದುಕೊಟ್ಟಿದ್ದೇವೆ, ಇನ್ನೂ ತಿದ್ದಿಲ್ಲ. ಸದ್ಯಕ್ಕೆ ಕನ್ಸೋಲಿನ ಮೇಲೆ ಬಿಳಿ ಟೇಪ್ ಅಂಟಿಸಿ ಬರೆದಿದ್ದೇವೆ: ಎವಿಎಂ ಅಂದರೆ 6 ಫ್ರೇಮ್, ಮೊದಲು ಫೀಡರ್, ಆಮೇಲೆ ನೈಡಸ್.